ಬೀದಿಯೇ ಪಂದ್ಯಪಥವಾದಾಗ

ಭೂಪಟದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಎಂಬ ಮೂರು ಊರುಗಳನ್ನು ಗುರುತಿಸಿ, ಒಂದರಿಂದ ಒಂದಕ್ಕೆ ಗೆರೆ ಎಳೆದರೆ ಅಚ್ಚುಕಟ್ಟಾದ ತ್ರಿಕೋಣವೊಂದು ಏರ್ಪಡುತ್ತದೆ. ತುಮಕೂರಿನಿಂದ ಪಶ್ಚಿಮಕ್ಕೆ ಗುಬ್ಬಿ ಸುಮಾರು 20 ಕಿಲೋಮೀಟರ್. ತುಮಕೂರಿನಿಂದ ದಕ್ಷಿಣಕ್ಕೆ, ಹೆಬ್ಬೂರಿನ ಮೇಲೆ ಹಾದು, ಕುಣಿಗಲ್ ಸುಮಾರು 36 ಕಿಲೋಮೀಟರ್. ಗುಬ್ಬಿಯಿಂದ ಕುಣಿಗಲ್ಲಿಗೆ ಹಳ್ಳಿಗಳ ನಡುವಣ ಒಳದಾರಿಗಳು. ಮೂರು ಊರುಗಳನ್ನೂ ಸುತ್ತಿ ಹೊರಟಲ್ಲಿಗೇ ಮರಳಿದರೆ ದೂರವು ನೂರು ಕಿಲೋಮೀಟರಿಗೆ ಹತ್ತಿರವಾಗುತ್ತದೆ. ತೆಂಗಿನಕಾಯಿ ತುಂಬಿದ ಲಾರಿಗಳು, ಸಂತೆಗೆ ಹೊರಟ ಜನ, ಮದುವೆಯ ದಿಬ್ಬಣದ ಬಸ್ಸುಗಳು ಓಡಾಡುವ ಈ ಹಾದಿಯಲ್ಲಿ ಮೋಟಾರು ಪಂದ್ಯ ನಡೆಸಬೇಕೆಂದು ಯಾರಾದರೂ ಹೇಳಿದರೆ ಕೇಳಿದವರು ನಕ್ಕಾರು. ಆದರೆ ಪ್ರಪಂಚದ ಮೊಟ್ಟಮೊದಲ ‘ಗ್ರ್ಯಾನ್ ಪ್ರಿ’ ಪಂದ್ಯ ನಡೆದುದು ಇಂತಹುದೇ ಒಂದು ತ್ರಿಕೋಣದಲ್ಲಿ, ಹೆಚ್ಚುಕಡಿಮೆ ಇಷ್ಟೇ ಉದ್ದದ ಹಾದಿಯಲ್ಲಿ.

ಅದು 1906ರ ಜೂನ್ 26 ಮತ್ತು 27. ಸ್ಥಳ, ಫ್ರಾನ್ಸ್ ದೇಶದ ಲ ಮಾನ್ ಪಟ್ಟಣದ ನೆರೆಹೊರೆ. ಲ ಮಾನ್, ಸೇಂ ಕಾಲೆ, ಲಾ ಫೆರ್ತೆ ಬೆರ್ನಾರ್ ಎಂಬ ಊರುಗಳ ಕಡೆಗೆ ಚಾಚಿದ ಮೂರು ಮೂಲೆಗಳ ಆ ಪಂದ್ಯಪಥದ ಸುತ್ತಳತೆ 103 ಕಿಲೋಮೀಟರಿಗೆ ತುಸು ಹೆಚ್ಚು. ಮೊದಲ ದಿನ ಆರು ಸುತ್ತು, ಮರುದಿನ ಆರು ಸುತ್ತು. ಒಟ್ಟು 1,238 ಕಿಲೋಮೀಟರ್. ಹೊರಟ ಗಾಡಿಗಳು 32. ಗುರಿ ಮುಟ್ಟಿದವು 11. ಹಂಗರಿಯಲ್ಲಿ ಹುಟ್ಟಿದ ಫೆರೆಂಕ್ ಸಿಸ್ ಎಂಬಾತನು ರೆನೋ ಗಾಡಿಯನ್ನೋಡಿಸಿ ಗೆದ್ದನು. ಟಯರು ಒಡೆದರೆ ಚಾಲಕನೂ ಅವನ ಜೊತೆಗಾರ ಮೆಕ್ಯಾನಿಕ್ಕನೂ ತಾವೇ ಇಳಿದು ಬದಲಾಯಿಸಬೇಕೆಂಬುದು ಅಂದಿನ ನಿಯಮ. ಧೂಳೇಳದಂತೆ ದಾರಿಗೆ ಟಾರು ಬಳಿದಿದ್ದರು. ಬಿಸಿಲಿಗೆ ಅದು ಕರಗಿ, ಸಿಡಿದು, ಚಾಲಕರ ಕಣ್ಣುಗಳನ್ನು ನೋಯಿಸಿತು.

ಈ ಪಂದ್ಯದ ಏರ್ಪಾಟಿನಲ್ಲಿ ಗಮನಿಸಬೇಕಾದ ಸಂಗತಿ ಗೆದ್ದವನ ವೇಗವಲ್ಲ. ಊರುಗಳ ಬಳಿ ದಾರಿಯ ಅಂಚಿಗೆ ಮರದ ಬೇಲಿ ಕಟ್ಟಿದ್ದರು. ಸೇಂ ಕಾಲೆಯ ಇಕ್ಕಟ್ಟಾದ ಬೀದಿಗಳನ್ನು ತಪ್ಪಿಸಲು ಹಲಗೆಗಳನ್ನು ಜೋಡಿಸಿ ತಾತ್ಕಾಲಿಕವಾದ ಒಂದು ಬಳಸುದಾರಿಯನ್ನೇ ನಿರ್ಮಿಸಿದ್ದರು. ಜನರ ದಾರಿಯಲ್ಲಿ ಓಟ ನಡೆಯಬೇಕಾದರೆ, ಓಟದಷ್ಟು ಹೊತ್ತು ಆ ದಾರಿ ಜನರದಾಗಿರಕೂಡದು ಎಂಬ ತಿಳಿವಳಿಕೆ ಆಗ ಮೂಡಿತ್ತು. ಆ ತಿಳಿವಳಿಕೆಯನ್ನು ಯುರೋಪು ಮೂರು ವರ್ಷಗಳ ಹಿಂದೆ ಬಹು ದುಬಾರಿಯಾದ ಬೆಲೆ ತೆತ್ತು ಪಡೆದುಕೊಂಡಿತ್ತು.

ಕುದುರೆಗಳು ಎಳೆದೊಯ್ದ ಮೋಟಾರುಗಳು

ಮೋಟಾರು ಪಂದ್ಯಗಳು ಹುಟ್ಟಿದ್ದು ಊರಿಂದೂರಿಗೆ ಓಡುವ ಸ್ಪರ್ಧೆಗಳಾಗಿ. 1895ರಲ್ಲಿ ಪ್ಯಾರಿಸಿನಿಂದ ಬೋರ್ಡೋಗೆ ಹೋಗಿ ಮರಳುವ ಪಂದ್ಯ ನಡೆಯಿತು. ಅಂದಿನ ಗಾಡಿಗಳ ವೇಗ ಸಾಧಾರಣವಾದುದರಿಂದ ನೋಡುವವರಿಗೆ ಅದೊಂದು ಜಾತ್ರೆಯಾಗಿತ್ತು. ಆದರೆ ಎಂಟೇ ವರ್ಷಗಳಲ್ಲಿ ಯಂತ್ರಗಳ ಬಲ ಹಲವು ಮಡಿ ಹೆಚ್ಚಿತು. ದಾರಿಗಳು ಮಾತ್ರ ಕುದುರೆಗಾಡಿಯ ಕಾಲದವಾಗಿಯೇ ಉಳಿದವು. 1903ರ ಮೇ 24ರಂದು ಪ್ಯಾರಿಸಿನಿಂದ ಮ್ಯಾಡ್ರಿಡ್‌ಗೆ ಪಂದ್ಯ ಹೊರಟಾಗ ಅಪಾರ ಜನಸ್ತೋಮ ದಾರಿಯ ಎರಡು ಬದಿಗೂ ನೆರೆದಿತ್ತು. ಧೂಳಿನ ಮೋಡದಲ್ಲಿ ಚಾಲಕರಿಗೆ ದಾರಿ ಕಾಣಲಿಲ್ಲ. ಜನರಿಗೆ ಬರುವ ಗಾಡಿ ಕಾಣಲಿಲ್ಲ. ಒಂದರ ಹಿಂದೊಂದು ಅಪಘಾತಗಳಾಗಿ ಚಾಲಕರೂ ಪ್ರೇಕ್ಷಕರೂ ಸತ್ತರು. ರೆನೋ ಸಂಸ್ಥೆಯನ್ನು ಕಟ್ಟಿದ ಸೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಸಹ ಆ ಪಂದ್ಯದ ಗಾಯಗಳಿಂದಲೇ ತೀರಿಕೊಂಡನು.

ಸರ್ಕಾರವು ಪಂದ್ಯವನ್ನು ಬೋರ್ಡೋದಲ್ಲಿಯೇ ನಿಲ್ಲಿಸಿತು. ಅಷ್ಟೇ ಅಲ್ಲ, ಗಾಡಿಗಳ ಎಂಜಿನ್ನುಗಳನ್ನು ಚಾಲೂ ಮಾಡಲೂ ಅನುಮತಿ ಕೊಡದೆ, ಅವುಗಳನ್ನು ಕುದುರೆಗಳಿಂದ ರೈಲ್ವೆ ನಿಲ್ದಾಣಕ್ಕೆ ಎಳೆಸಿ ರೈಲಿನಲ್ಲಿ ಹಿಂದಕ್ಕೆ ಕಳುಹಿಸಿತು. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನ ಜನ ಆ ದೃಶ್ಯವನ್ನು ನೋಡಿದ್ದರೆ ಮೀಸೆಯಡಿಯಲ್ಲಿಯೇ ನಕ್ಕಿರುತ್ತಿದ್ದರು. ಕುದುರೆಯನ್ನು ಓಡಿಸಬಲ್ಲವರಿಗೆ ಅದನ್ನು ಎಲ್ಲಿ ಓಡಿಸಬೇಕು, ಎಲ್ಲಿ ಕಡಿವಾಣ ಹಿಡಿಯಬೇಕು ಎಂಬುದೂ ಗೊತ್ತಿರುತ್ತದೆ. ಮೋಟಾರಿನವರು ಅದನ್ನು ಹೊಸದಾಗಿ ಕಲಿಯಬೇಕಾಯಿತು.

ಆ ಕಲಿಕೆಯೂ ಒಂದೇ ಪಾಠದಲ್ಲಿ ಮುಗಿಯಲಿಲ್ಲ. ಇಟಲಿಯಲ್ಲಿ ಸಾವಿರ ಮೈಲಿಗಳ ‘ಮಿಲ್ಲೆ ಮಿಲ್ಯಾ’ ಪಂದ್ಯವು ತೆರೆದ ರಸ್ತೆಗಳ ಮೇಲೆಯೇ ಬಹುಕಾಲ ನಡೆಯಿತು. 1957ರ ಮೇ 12ರಂದು ಗ್ವಿದಿತ್ಸೋಲೋ ಎಂಬ ಹಳ್ಳಿಯ ಬಳಿ ಒಂದು ಫೆರಾರಿ ಗಾಡಿಯು ನಿಯಂತ್ರಣ ತಪ್ಪಿ ಜನರ ಮೇಲೆ ಎರಗಿತು. ಚಾಲಕನೂ ಅವನ ಜೊತೆಗಾರನೂ ಸತ್ತರು. ದಾರಿಯ ಬದಿಯಲ್ಲಿ ನಿಂತಿದ್ದ ಒಂಬತ್ತು ಮಂದಿಯೂ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ತೆರೆದ ರಸ್ತೆಯ ವೇಗಸ್ಪರ್ಧೆಯಾಗಿ ಮಿಲ್ಲೆ ಮಿಲ್ಯಾ ಅಲ್ಲಿಗೆ ಕೊನೆಗೊಂಡಿತು.

ಪುಟ್ಟ ನಾಡಿನ ಹಟ

ಇಷ್ಟೆಲ್ಲ ಆದಮೇಲೂ ಊರ ಬೀದಿಗಳಲ್ಲಿಯೇ ನಡೆಯುತ್ತ ಉಳಿದಿರುವ ಪಂದ್ಯಗಳಲ್ಲಿ ಅತಿ ಪ್ರಸಿದ್ಧವಾದುದು ಮೊನಾಕೊ ದೇಶದ್ದು. ಅದರ ಹುಟ್ಟಿನ ಕಥೆ ಸ್ವಾರಸ್ಯವಾದುದು. ಅಲ್ಲಿನ ಮೋಟಾರು ಕ್ಲಬ್ಬು ತನಗೆ ರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಬೇಕೆಂದು ಅಂತಾರಾಷ್ಟ್ರೀಯ ಮಂಡಳಿಯನ್ನು ಕೇಳಿತು. ‘ನೀವು ನಡೆಸುವ ಮಾಂಟಿ ಕಾರ್ಲೊ ರ‍್ಯಾಲಿ ಬೇರೆ ದೇಶಗಳ ರಸ್ತೆಗಳಲ್ಲಿ ಓಡುತ್ತದೆ, ನಿಮ್ಮ ಗಡಿಯೊಳಗೆ ನಡೆಯುವ ಪಂದ್ಯ ಯಾವುದು?’ ಎಂಬುದು ಮಂಡಳಿಯ ಆಕ್ಷೇಪಣೆಯ ತಿರುಳು. ಇಡೀ ದೇಶದ ವಿಸ್ತೀರ್ಣವೇ ಆಗ ಎರಡು ಚದರ ಕಿಲೋಮೀಟರಿಗಿಂತ ಕಡಿಮೆ! ಕ್ಲಬ್ಬಿನ ಆಂತೊನಿ ನೊಗೆಸ್ ಎಂಬಾತನು ಛಲ ಬಿಡದೆ ಬೆಟ್ಟ, ಬಂದರು, ಜೂಜುಮಂದಿರಗಳ ನಡುವೆ ಹಾದುಹೋಗುವ ಬೀದಿಗಳನ್ನೇ ಒಂದಕ್ಕೊಂದು ಹೆಣೆದು ಪಂದ್ಯಪಥವೊಂದನ್ನು ಗುರುತಿಸಿದನು. 1929ರ ಏಪ್ರಿಲ್ 14ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಹಸಿರು ಬಣ್ಣದ ಬುಗಾಟಿಯಲ್ಲಿ ‘ವಿಲಿಯಮ್ಸ್’ ಎಂಬ ಹೆಸರಿನಿಂದ ಓಡಿದ ಚಾಲಕನು ಗಂಟೆಗೆ ಸುಮಾರು 80 ಕಿಲೋಮೀಟರ್ ಸರಾಸರಿ ವೇಗದಲ್ಲಿ ಗೆದ್ದನು.

ಇಂದು ಆ ಪಥದ ಉದ್ದ 3.337 ಕಿಲೋಮೀಟರ್, ತಿರುವುಗಳು 19. ಸಮುದ್ರದ ಬಳಿಯ ಬೀದಿಯಿಂದ ಓಟ ಹೊರಡುತ್ತದೆ. ಸೇಂಟ್ ದೆವೋತ್ ಎಂಬ ಚಿಕ್ಕ ಚರ್ಚಿನ ಬಳಿ ಗಾಡಿಗಳು ಬಲಕ್ಕೆ ತಿರುಗಿ ಬೆಟ್ಟವನ್ನೇರುತ್ತವೆ. ಮೇಲೆ ಜೂಜುಮಂದಿರದ ಚೌಕ, ಅಲ್ಲಿಂದ ಇಳಿಜಾರು. ಇಳಿಜಾರಿನಲ್ಲಿ ಮುಡಿಗೆ ಸಿಕ್ಕಿಸುವ ಹೇರ್‌ಪಿನ್ನಿನಂತೆ ಪೂರಾ ಹಿಂದಕ್ಕೆ ಬಾಗಿದ ತಿರುವೊಂದಿದೆ. ಗಂಟೆಗೆ 300 ಕಿಲೋಮೀಟರ್ ಓಡಬಲ್ಲ ಗಾಡಿಗಳು ಅಲ್ಲಿ ಊರೊಳಗಿನ ಕಾರುಗಳ ನಡಿಗೆಗೆ ಇಳಿಯಲೇಬೇಕು. ಅನಂತರ ಸಮುದ್ರದ ಕಡೆಗೆ ತಿರುಗಿ ಸುರಂಗ. ಬಿಸಿಲಿನಿಂದ ಮಬ್ಬಿಗೆ, ಮಬ್ಬಿನಿಂದ ಮತ್ತೆ ಕಣ್ಣು ಕುಕ್ಕುವ ಬೆಳಕಿಗೆ. ಅದೂ ಪಥದಲ್ಲೆಲ್ಲ ಅತ್ಯಂತ ಹೆಚ್ಚಿನ ವೇಗದಲ್ಲಿ. ಸುರಂಗ ದಾಟಿದೊಡನೆ ಎಡಕ್ಕೂ ಬಲಕ್ಕೂ ಕೊಂಕಿದ ಜೋಡಿ ತಿರುವು, ಬಂದರಿನ ಅಂಚಿನ ತಬಾಕ್, ಈಜುಕೊಳದ ಬಳಸು, ರಾಸ್ಕಾಸ್, ಕೊನೆಯ ತಿರುವಿಗೆ ಆ ನೊಗೆಸ್‌ನದೇ ಹೆಸರು. ಹೀಗೆ 78 ಸುತ್ತು. ಅಂದರೆ, ಮೂರು ಕಿಲೋಮೀಟರಿನ ಹಾದಿಯಲ್ಲಿ ಸುಮಾರು ಸಾವಿರದ ಐನೂರು ಬಾರಿ ತಿರುಗಬೇಕು; ಒಂದು ಬಾರಿಯೂ ತಪ್ಪಕೂಡದು.

ಬೇಲಿಗಳ ಇತಿಹಾಸ

ಆ ಪಥದ ಒಂದೊಂದು ಬೇಲಿಯ ಹಿಂದೆಯೂ ಒಂದೊಂದು ಪಾಠವಿದೆ. 1950ರ ಪಂದ್ಯದ ಮೊದಲ ಸುತ್ತಿನಲ್ಲಿ ಬಂದರಿನ ಅಲೆಯೊಂದು ಗೋಡೆ ಹಾರಿ ತಬಾಕ್ ತಿರುವನ್ನು ನೆನೆಸಿತು. ಗಾಡಿಗಳು ಜಾರಿ ಒಂದರ ಮೇಲೊಂದು ಬಿದ್ದವು. ಎಲ್ಲರಿಗಿಂತ ಮುಂದೆ ದಾಟಿ ಹೋಗಿದ್ದ ಅರ್ಜೆಂಟೀನಾದ ಹುವಾನ್ ಮ್ಯಾನ್ಯುಯೆಲ್ ಫಾಂಜಿಯೊಗೆ ಈ ಸಂಗತಿ ತಿಳಿಯದು. ಆತನು ಸುತ್ತು ಮುಗಿಸಿ ಮತ್ತೆ ಅದೇ ತಿರುವಿನ ಬಳಿಗೆ ಬಂದಾಗ ಪ್ರೇಕ್ಷಕರು ಮುಂದಾಳಾದ ತನ್ನನ್ನು ನೋಡದೆ ಮುಖ ತಿರುಗಿಸಿ ಬೇರೆಲ್ಲೋ ನೋಡುತ್ತಿರುವುದನ್ನು ಕಂಡನು. ಗೆಲ್ಲುತ್ತಿರುವವನನ್ನು ಜನ ನೋಡುತ್ತಿಲ್ಲವೆಂದರೆ ಅದಕ್ಕಿಂತ ದೊಡ್ಡದೇನೋ ಮುಂದೆ ನಡೆದಿದೆ ಎಂದು ಊಹಿಸಿ ವೇಗ ತಗ್ಗಿಸಿದನು, ಮುರಿದ ಗಾಡಿಗಳ ನಡುವೆ ನುಸುಳಿ ಪಾರಾದನು, ಪಂದ್ಯವನ್ನೂ ಗೆದ್ದನು. ಅಂದು ಅವನನ್ನು ಉಳಿಸಿದುದು ಎಂಜಿನ್ನಿನ ಶಕ್ತಿಯಲ್ಲ, ದಾರಿಯ ಬದಿಯ ಜನರ ಮುಖಗಳನ್ನು ಓದಬಲ್ಲ ಕಣ್ಣು.

1955ರಲ್ಲಿ ಇಟಲಿಯ ಆಲ್ಬರ್ಟೊ ಅಸ್ಕಾರಿ ತನ್ನ ಗಾಡಿಯೊಂದಿಗೆ ಬಂದರಿನ ನೀರಿಗೇ ಬಿದ್ದನು. ಈಜಿ ಬದುಕಿ ಬಂದ ಆತನು ನಾಲ್ಕೇ ದಿನಗಳ ಅನಂತರ ಮೊಂಜಾದಲ್ಲಿ ಗಾಡಿಯೊಂದನ್ನು ಪರೀಕ್ಷಿಸುವಾಗ ಸತ್ತನು. 1967ರಲ್ಲಿ ಲೊರೆಂಜೊ ಬಂಡೀನಿಯ ಗಾಡಿ ಉರುಳಿ, ಅಂಚಿಗೆ ರಕ್ಷಣೆಗೆಂದು ಪೇರಿಸಿದ್ದ ಒಣಹುಲ್ಲಿನ ಪಿಂಡಿಗಳಿಗೇ ಬೆಂಕಿ ಹತ್ತಿತು. ಸುಟ್ಟ ಗಾಯಗಳಿಂದ ಆತನು ಮೂರು ದಿನ ನರಳಿ ತೀರಿಕೊಂಡನು. ಕಾಪಾಡಬೇಕಾದುದೇ ಕೊಲ್ಲುವುದೆಂದು ಆಗ ಅರಿವಾಗಿ ಹುಲ್ಲಿನ ಪಿಂಡಿಗಳು ಹೋದವು. ಅವುಗಳ ಜಾಗಕ್ಕೆ ಉಕ್ಕಿನ ತಡೆಗಳು ಬಂದವು. ಇಂದು ದೂರದರ್ಶನದಲ್ಲಿ ಕಾಣುವ ಆ ತಡೆಗಳನ್ನು ಪ್ರಾಯೋಜಕರ ಬಣ್ಣದ ಫಲಕಗಳೆಂದು ನೋಡಿ ಬಿಡುವವರುಂಟು. ಹಿಂದೆ ಸತ್ತವರು ಮುಂದೆ ಓಡುವವರಿಗೆ ಬಿಟ್ಟುಹೋದ ಕಾಣಿಕೆಯೆಂದು ಅವುಗಳನ್ನು ನೋಡುವುದು ಹೆಚ್ಚು ಸರಿಯಾದೀತು.

ಈ ಇಕ್ಕಟ್ಟಿನ ಪಥಕ್ಕೆ ಕನ್ನಡನಾಡಿನ ನಂಟೂ ಒಂದುಂಟು. 2025ರ ಮೇ 24ರಂದು, ಬೆಂಗಳೂರಿನಲ್ಲಿ ಹುಟ್ಟಿದ ಕುಶ್ ಮೈನಿ ಅಲ್ಲಿ ಫಾರ್ಮುಲಾ 2 ವರ್ಗದ ಕಿರು ಪಂದ್ಯವನ್ನು ಗೆದ್ದರು. ಮೊನಾಕೊದಲ್ಲಿ ಆ ವರ್ಗದ ಪಂದ್ಯವನ್ನು ಗೆದ್ದ ಭಾರತೀಯರಲ್ಲಿ ಅವರೇ ಮೊದಲಿಗರು. ಅರ್ಹತಾ ಸುತ್ತಿನ ಮೊದಲ ಸ್ಥಾನಗಳನ್ನು ತಿರುವುಮುರುವು ಮಾಡಿ ನಿಲ್ಲಿಸುವ ಕಿರು ಪಂದ್ಯದ ನಿಯಮದಿಂದ ಅವರಿಗೆ ಎಲ್ಲರಿಗಿಂತ ಮುಂದಿನ ಸ್ಥಾನ ದೊರೆತಿತ್ತು. ಒಬ್ಬರನ್ನೊಬ್ಬರು ದಾಟುವುದು ಬಹು ಕಷ್ಟವಾದ ಆ ಬೀದಿಗಳಲ್ಲಿ ಅದು ದೊಡ್ಡ ಅನುಕೂಲವೇ ಸರಿ. ಆದರೆ ಹಿಂದಿನವರ ಒತ್ತಡವನ್ನು ಸಹಿಸುತ್ತ, ಎರಡು ಬದಿಯ ಗೋಡೆಗಳಿಗೆ ತಾಗದಂತೆ, ಮೂವತ್ತು ಸುತ್ತುಗಳನ್ನು ತಪ್ಪಿಲ್ಲದೆ ಮುಗಿಸುವುದನ್ನು ಯಾವ ನಿಯಮವೂ ಮಾಡಿಕೊಡಲಾರದು.

ಕಟ್ಟುವುದು, ಬಿಚ್ಚುವುದು

ಬೀದಿಯ ಪಂದ್ಯಪಥವನ್ನು ಅಣಿಗೊಳಿಸುವ ಕೆಲಸವನ್ನು ಗುಬ್ಬಿಯ ಹಿರಿಯರಿಗೆ ವಿವರಿಸುವುದು ಸುಲಭ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯು ಬಯಲಿನಲ್ಲಿ ರಂಗಸ್ಥಳವನ್ನೆಬ್ಬಿಸಿ, ಪರದೆ, ದೀಪ, ಆಸನಗಳನ್ನು ಅಣಿಮಾಡಿ, ಆಟ ಮುಗಿದ ಮೇಲೆ ಎಲ್ಲವನ್ನೂ ಕಟ್ಟಿಕೊಂಡು ಮುಂದಿನ ಊರಿಗೆ ಹೊರಡುತ್ತಿತ್ತು. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗದ ಮೇಲೆ ಬಂದವು. ರಂಗದ ಮೇಲೆ ಆನೆಯನ್ನು ತರಬೇಕಾದರೆ ನೋಡುವವರಿಗೆ ಕಾಣುವ ವೈಭವಕ್ಕಿಂತ, ಕಾಣದ ಏರ್ಪಾಟು ಹತ್ತು ಪಾಲು ಇರಬೇಕಾಗುತ್ತದೆ. ಮೊನಾಕೊದವರ ಪಾಡೂ ಅದೇ. ಎರಡು ಮೂರು ದಿನಗಳ ಓಟಕ್ಕಾಗಿ ತಡೆಗಳನ್ನೂ ಪ್ರೇಕ್ಷಕರ ಅಟ್ಟಣೆಗಳನ್ನೂ ನಿಲ್ಲಿಸಲು ಸುಮಾರು ಆರು ವಾರ. ಬಿಚ್ಚಲು ಮತ್ತೆ ಮೂರು ವಾರ.

ಕಾಣದ ಏರ್ಪಾಟು ಒಂದಿಷ್ಟು ತಪ್ಪಿದರೆ ಏನಾಗುವುದೆಂಬುದಕ್ಕೆ 2023ರ ನವೆಂಬರಿನಲ್ಲಿ ಅಮೆರಿಕದ ಲಾಸ್ ವೇಗಸ್ ನಗರ ಸಾಕ್ಷಿಯಾಯಿತು. ಅಲ್ಲಿನ ಬೀದಿ ಪಥದ ಮೊದಲ ಅಭ್ಯಾಸದ ಓಟ ತೊಡಗಿ ಹತ್ತು ನಿಮಿಷವೂ ಆಗಿರಲಿಲ್ಲ. ನೆಲದ ನೀರಿನ ಕವಾಟದ ಮುಚ್ಚಳವೊಂದು ಸಡಿಲಗೊಂಡು, ಕಾರ್ಲೋಸ್ ಸೈನ್ಸ್ ಓಡಿಸುತ್ತಿದ್ದ ಫೆರಾರಿಯ ಅಡಿಯನ್ನು ಸೀಳಿಹಾಕಿತು. ಆ ಅಭ್ಯಾಸವನ್ನೇ ರದ್ದುಮಾಡಬೇಕಾಯಿತು. ಪಂದ್ಯದ ಗಾಡಿಯ ಅಡಿಭಾಗ ನೆಲಕ್ಕೆ ಬಹು ಸಮೀಪವಾಗಿರುತ್ತದೆ; ಅದು ಓಡುವಾಗ ಅಡಿಯ ಗಾಳಿಯ ಒತ್ತಡ ಇಳಿದು, ನೆಲದ ಮುಚ್ಚಳಗಳನ್ನು ಮೇಲಕ್ಕೆ ಹೀರುವಷ್ಟು ಸೆಳೆತ ಉಂಟಾಗುತ್ತದೆ. ಆದಕಾರಣ ಬೀದಿ ಪಥದ ಚರಂಡಿ ಮುಚ್ಚಳಗಳನ್ನೆಲ್ಲ ಬೆಸುಗೆ ಹಾಕಿಯೋ ಬೋಲ್ಟು ಬಿಗಿದೋ ಭದ್ರಪಡಿಸಬೇಕು. ದಾರಿಗೆ ಬಳಿದ ಬಿಳಿಯ ಪಟ್ಟೆಯೂ ಮಳೆಯಲ್ಲಿ ಜಾರುವ ಅಪಾಯ. ತಿರುವು ತಿರುವಿಗೂ ಬಾವುಟ ಹಿಡಿದ ಕಾವಲುಗಾರರು, ಬೆಂಕಿ ಆರಿಸುವವರು, ವೈದ್ಯರು, ಆಂಬ್ಯುಲೆನ್ಸು ಇರಲೇಬೇಕು. ಓಡುವವನೊಬ್ಬ, ಅವನು ಮನೆಗೆ ಕ್ಷೇಮವಾಗಿ ಮರಳಲೆಂದು ಕಾದಿರುವವರು ನೂರಾರು.

ಭಾರತದ ಪಥಗಳು

ಭಾರತದಲ್ಲಿ ಮೋಟಾರು ಪಂದ್ಯಗಳು ಬೆಳೆದುದು ಬೀದಿಯಲ್ಲಲ್ಲ, ಎರಡನೆಯ ಮಹಾಯುದ್ಧದ ಅನಂತರ ಕೆಲಸವಿಲ್ಲದೆ ಬಿದ್ದಿದ್ದ ವಿಮಾನದಾರಿಗಳಲ್ಲಿ. ಮದರಾಸಿನ ಬಳಿಯ ಶೋಲಾವರಂ ಅವುಗಳಲ್ಲಿ ಬಹು ಹೆಸರುವಾಸಿ. ಬೆಂಗಳೂರಿನ ಉತ್ಸಾಹಿಗಳಿಗೂ ಅದು ಬಹುಕಾಲ ಯಾತ್ರಾಸ್ಥಳವೇ ಆಗಿತ್ತು. 1990ರ ಸುಮಾರಿಗೆ ಶ್ರೀಪೆರಂಬುದೂರಿನ ಬಳಿ ಕಾಯಂ ಪಥ ಬಂದಿತು. 2011ರಲ್ಲಿ ದೆಹಲಿಯ ನೆರೆಯ ಗ್ರೇಟರ್ ನೋಯ್ಡಾದಲ್ಲಿ 5.125 ಕಿಲೋಮೀಟರ್ ಉದ್ದದ ಬುದ್ಧ ಪಥ ಸಿದ್ಧವಾಗಿ, ಮೂರು ವರ್ಷ ಫಾರ್ಮುಲಾ 1 ಪಂದ್ಯಗಳು ನಡೆದವು. ಮೊದಲ ವರ್ಷ ಅಭ್ಯಾಸದ ಹೊತ್ತಿನಲ್ಲಿ ಬೀದಿನಾಯಿಯೊಂದು ಪಥಕ್ಕಿಳಿದು, ಜಗದ್ವಿಖ್ಯಾತ ಚಾಲಕರೆಲ್ಲ ಅದು ಹೋಗುವ ತನಕ ಕಾಯಬೇಕಾಯಿತು.

ನಿಜವಾದ ಬೀದಿ ಪಥಗಳು ದಕ್ಷಿಣ ಭಾರತಕ್ಕೆ ಬಂದುದು ಈಚೆಗೆ. 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯ ರಸ್ತೆಗಳಲ್ಲಿ ವಿದ್ಯುತ್ ಗಾಡಿಗಳ ‘ಫಾರ್ಮುಲಾ ಇ’ ಪಂದ್ಯ ನಡೆಯಿತು. ಉದ್ದ ಸುಮಾರು 2.8 ಕಿಲೋಮೀಟರ್, ತಿರುವುಗಳು 18. ಫ್ರಾನ್ಸಿನ ಝಾನ್ ಎರಿಕ್ ವೆರ್ನ್ ಗೆದ್ದನು. ಮರುವರ್ಷದ ಪಂದ್ಯ ಮಾತ್ರ ರದ್ದಾಯಿತು. 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಚೆನ್ನೈನ ಐಲೆಂಡ್ ಗ್ರೌಂಡ್ಸ್ ಸುತ್ತಣ ಸುಮಾರು 3.5 ಕಿಲೋಮೀಟರಿನ ಬೀದಿಗಳಲ್ಲಿ ದೀಪಗಳ ಬೆಳಕಿನಲ್ಲಿ ರಾತ್ರಿಯ ಪಂದ್ಯ ಜರುಗಿತು. ಕೆಲವು ದಿನಗಳ ಓಟಕ್ಕಾಗಿ ನಗರದ ಓಡಾಟಕ್ಕೆ ಅಡ್ಡಿಯಾಗಬೇಕೆ, ಸಾರ್ವಜನಿಕರ ಹಣ ಇದಕ್ಕೆ ಸಲ್ಲಬೇಕೆ ಎಂಬ ಪ್ರಶ್ನೆಗಳು ಎರಡೂ ಊರುಗಳಲ್ಲಿ ಎದ್ದವು. ಬೀದಿ ಎಲ್ಲರದಾದುದರಿಂದ ಆ ಪ್ರಶ್ನೆ ಕೇಳುವ ಹಕ್ಕೂ ಎಲ್ಲರದು.

ತುಮಕೂರು ಸೀಮೆಗೂ ಮೋಟಾರು ಸ್ಪರ್ಧೆ ತೀರ ಅಪರಿಚಿತವಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ‘ಕೆ-1000’ ರ‍್ಯಾಲಿಯ ಹಂತಗಳು ಈ ಜಿಲ್ಲೆಯ ಮಣ್ಣುದಾರಿಗಳಲ್ಲಿಯೂ ನಡೆದಿವೆ. ರ‍್ಯಾಲಿಯಲ್ಲಿ ಗಾಡಿಗಳು ಒಟ್ಟಿಗೆ ಹೊರಡುವುದಿಲ್ಲ. ಒಂದೊಂದಾಗಿ ಹೊರಟು ಗಡಿಯಾರದೊಡನೆ ಸ್ಪರ್ಧಿಸುತ್ತವೆ. ವೇಗದ ಹಂತ ನಡೆಯುವಷ್ಟು ಹೊತ್ತು ಆ ದಾರಿ ಇತರರಿಗೆ ಮುಚ್ಚಿರುತ್ತದೆ. ಒಂದು ಹಂತ ಮುಗಿದು ಮತ್ತೊಂದಕ್ಕೆ ಸಾಧಾರಣ ರಸ್ತೆಯ ಮೇಲೆ ಸಾಗುವಾಗ ಎಂತಹ ಚಾಂಪಿಯನ್ನನೂ ಎಲ್ಲರಂತೆ ಸಂಚಾರ ನಿಯಮಗಳನ್ನು ಪಾಲಿಸಬೇಕು.

ಲಿಖಿತ ಅನುಮತಿಯ ಅರ್ಥ

ಕಾನೂನಿನ ನಿಲುವೂ ಇದೇ. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮು, ರಾಜ್ಯ ಸರ್ಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ನಡೆಯಗೊಡುವವರನ್ನೂ ಅದರಲ್ಲಿ ಭಾಗವಹಿಸುವವರನ್ನೂ ಶಿಕ್ಷಾರ್ಹರೆನ್ನುತ್ತದೆ. 2019ರ ತಿದ್ದುಪಡಿಯ ಅನಂತರ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಕಾಯಿದೆಯು ಪಂದ್ಯವನ್ನೇ ಬೇಡವೆನ್ನುವುದಿಲ್ಲ. ಬರೆದುಕೊಟ್ಟ ಒಪ್ಪಿಗೆ ಬೇಕೆನ್ನುತ್ತದೆ. ಬರೆದುಕೊಡುವ ಅಧಿಕಾರಿಯು ಬೇಲಿಯೆಲ್ಲಿ, ವೈದ್ಯರೆಲ್ಲಿ, ಜನ ನಿಲ್ಲುವುದೆಲ್ಲಿ ಎಂದು ಕೇಳಬಲ್ಲನು. ಪ್ಯಾರಿಸ್–ಮ್ಯಾಡ್ರಿಡ್ ದಾರಿಯಲ್ಲಿ ಆ ಪ್ರಶ್ನೆಗಳನ್ನು ಹೊತ್ತಿಗೆ ಸರಿಯಾಗಿ ಯಾರೂ ಕೇಳಿರಲಿಲ್ಲ.

ತುಮಕೂರನ್ನು ಹಾದುಹೋಗುವ ಬೆಂಗಳೂರು–ಪುಣೆ ಹೆದ್ದಾರಿ, ಕುಣಿಗಲ್ಲನ್ನು ಹಾದುಹೋಗುವ ಮಂಗಳೂರು ಹೆದ್ದಾರಿ ಇವೆರಡೂ ಅಗಲವಾಗಿ, ನುಣುಪಾಗಿ, ನೇರವಾಗಿ ಓಡುತ್ತವೆ. ಹೊಸ ಬೈಕು ಕೈಗೆ ಬಂದ ಹುಡುಗನಿಗೆ ಅಂತಹ ದಾರಿ ಕಂಡಾಗ ಮನಸ್ಸು ಹಾರುವುದು ವಯೋಧರ್ಮ. ಪಂದ್ಯಗಳನ್ನು ದೂರದರ್ಶನದಲ್ಲಿ ಕಂಡು ತಾನೂ ಹಾಗೆ ಓಡಿಸಬಲ್ಲೆನೆಂದು ಅವನು ಭಾವಿಸುತ್ತಾನೆ. ಆದರೆ ಪರದೆಯ ಮೇಲೆ ಅವನು ಕಂಡದ್ದು ಎದುರಿಗೆ ಯಾವ ಗಾಡಿಯೂ ಬಾರದ, ಯಾವ ಅಜ್ಜಿಯೂ ಅಡ್ಡ ದಾಟದ, ಮುಚ್ಚಳಕ್ಕೂ ಬೆಸುಗೆ ಬಿದ್ದಿರುವ ಹಾದಿ. ಹೆದ್ದಾರಿಯಲ್ಲಿ ಅವೆಲ್ಲಿವೆ? ಅಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ಇದೆ, ತಪ್ಪು ಬದಿಯಲ್ಲಿ ಬರುವ ಆಟೋ ಇದೆ, ಶಾಲೆ ಬಿಟ್ಟು ಓಡಿಬರುವ ಮಕ್ಕಳಿದ್ದಾರೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ.

ಮನೆಯಲ್ಲಿ ಇಂತಹ ಹುಡುಗರಿರುವ ತಂದೆತಾಯಿಗಳು ಬರೇ ಗದರಿಸಿದರೆ ಸಾಲದು. ವೇಗದ ಆಸೆ ಕೆಟ್ಟದ್ದಲ್ಲ. ಅದಕ್ಕೆ ತಕ್ಕ ಅಂಗಳ ಬೇಕು, ಗುರು ಬೇಕು, ತಲೆಗೆ ಕವಚ ಬೇಕು. ಕುಶ್ ಮೈನಿಯವರಂತಹ ಚಾಲಕರು ಚಿಕ್ಕಂದಿನಲ್ಲಿ ಕಲಿಯುವುದು ಹೆದ್ದಾರಿಯಲ್ಲಲ್ಲ, ಸುತ್ತಲೂ ತಡೆ ಕಟ್ಟಿದ ಕಾರ್ಟಿಂಗ್ ಅಂಗಳಗಳಲ್ಲಿ, ಬಲ್ಲವರ ಕಣ್ಣೆದುರಿನಲ್ಲಿ. ಈ ಮಾತನ್ನು ಹುಡುಗನಿಗೆ ತಿಳಿಹೇಳಿದರೆ ಅದು ಬೈಗುಳಕ್ಕಿಂತ ಆಳಕ್ಕೆ ಇಳಿದೀತು.

ಮೊನಾಕೊದ ಪಂದ್ಯ ಮುಗಿದ ಸಂಜೆಯೇ ತಡೆಗಳ ನಡುವಣ ಬಾಗಿಲುಗಳು ತೆರೆಯುತ್ತವೆ, ಜನ ಬೀದಿಗಿಳಿಯುತ್ತಾರೆ. ಮರುದಿನ ಆ ಸುರಂಗದಲ್ಲಿ ಬಸ್ಸು ಓಡುತ್ತದೆ, ಹೇರ್‌ಪಿನ್ ತಿರುವಿನಲ್ಲಿ ತರಕಾರಿಯ ವ್ಯಾನು ನಿಧಾನವಾಗಿ ಇಳಿಯುತ್ತದೆ. ಹಿಂದಿನ ದಿನ ಗೆದ್ದ ಚಾಲಕನೇ ಅಲ್ಲಿ ತನ್ನ ಸ್ವಂತ ಕಾರಿನಲ್ಲಿ ಹೋದರೂ ಊರಿನ ವೇಗಮಿತಿಯನ್ನು ಮೀರುವಂತಿಲ್ಲ. ಮೀರಿದರೆ ಪೊಲೀಸಿನವರು ಅವನ ಪದಕವನ್ನು ನೋಡುವುದಿಲ್ಲ, ದಂಡದ ಚೀಟಿಯನ್ನೇ ಕೊಡುತ್ತಾರೆ.